ಕಿವಿ ಹಿಂದಿನ ಮಷೀನು, ಮೂರು ವರ್ಷದ ಮೇಲೆ: ಕೆಡುವುದು ಟ್ಯೂಬು, ಬೈಸಿಕೊಳ್ಳುವುದು ಮಷೀನು

ಬಳಕೆಯಲ್ಲಿರುವುದು ಕಿವಿಯ ಹಿಂದೆ ಕೂರುವ ಡಿಜಿಟಲ್ ಹಿಯರಿಂಗ್ ಏಡ್, ಅಳತೆ ಕೊಟ್ಟು ಮಾಡಿಸಿದ, ಕಿವಿಯೊಳಗೆ ಕೂರುವ ಅಚ್ಚು ಅಂದರೆ ಮೋಲ್ಡ್, 13ನೇ ನಂಬರಿನ ಬ್ಯಾಟರಿ. ಮೈಸೂರಿನ ಮೂರು ಬೇಸಿಗೆ, ಮೂರು ಮಳೆಗಾಲ ದಾಟಿದ್ದರೂ ಮಷೀನು ಕೈಕೊಟ್ಟಿಲ್ಲ. ಕೈಕೊಟ್ಟಿದ್ದೆಲ್ಲ ಮಷೀನಿನ ಸದ್ದನ್ನು ಮೋಲ್ಡಿಗೆ ಒಯ್ಯುವ, ಮೋಲ್ಡಿಗೆ ಅಂಟಿದ ಆ ಗೇಣುದ್ದವೂ ಇಲ್ಲದ ಟ್ಯೂಬು.

ಹೊಸದರಲ್ಲಿ ಮೆತ್ತಗಿರುತ್ತದೆ. ನಾಲ್ಕೈದು ತಿಂಗಳಿಗೆ ಹಳದಿಯಾಗಿ ಸೆಟೆದುಕೊಂಡು ಮೋಲ್ಡನ್ನು ಕೂತ ಜಾಗದಿಂದ ಎಳೆಯುತ್ತದೆ. ಸಂದಿಯಿಂದ ಸೋರಿದ ಸದ್ದು ಮತ್ತೆ ಮೈಕಿಗೇ ಹೊಕ್ಕು 'ಕೀ' ಎಂದು ಕೂಗು. ಆಗ ಎಲ್ಲರೂ ಮಾಡುವ ತಪ್ಪು, ವಾಲ್ಯೂಮ್ ಇಳಿಸುವುದು. ಕೂಗೂ ಇಲ್ಲ, ಮಾತೂ ಇಲ್ಲ.

ಕೂಗು ಎಲ್ಲಿಯದೆಂದು ಮನೆಯಲ್ಲೇ ಪತ್ತೆ ಮಾಡಬಹುದು. ಮಷೀನು ಆನ್ ಇರುವಾಗಲೇ ಕಿವಿಯಿಂದ ತೆಗೆದು ಮೋಲ್ಡಿನ ತೂತು ಬೆರಳಲ್ಲಿ ಬಿಗಿಯಾಗಿ ಮುಚ್ಚಿ. ಪಕ್ಕದಲ್ಲಿ ಗಾಳಿ ತೂತಿದ್ದರೆ ಅದನ್ನೂ. ಕೂಗು ನಿಂತರೆ ಮೋಲ್ಡು ಸಡಿಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ. ನಿಲ್ಲದಿದ್ದರೆ ಟ್ಯೂಬು ಕಳಚಿ, ಅದು ಸಿಕ್ಕಿಸಿದ್ದ ಮಷೀನಿನ ಕೊಕ್ಕೆಯ ತುದಿ ಮುಚ್ಚಿ. ಈಗ ನಿಂತರೆ ಟ್ಯೂಬು ಸೀಳಿದೆ. ಆಗಲೂ ಕೂಗಿದರೆ ಮಾತ್ರ ರಿಪೇರಿ. ಮೋಲ್ಡು, ಟ್ಯೂಬಿನ ಕೆಲಸಕ್ಕೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಮಂಡ್ಯದಿಂದ ಬರುವವರು ಹಳೆಯ ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ನಕ್ಷೆ) ತರಲು ಮರೆಯಬೇಡಿ.

ಮಳೆಗಾಲದಲ್ಲಿ, ಬೆವರಿದಾಗ ಟ್ಯೂಬಿನಲ್ಲಿ ನೀರ ಹನಿ ನಿಂತರೂ ಸದ್ದು ಕಟ್ಟುತ್ತದೆ. ಟ್ಯೂಬು ಕಳಚಿ ರಬ್ಬರ್ ಬ್ಲೋವರಿನಿಂದ ಊದಿ, ಬಾಯಿಂದ ಬೇಡ, ಉಸಿರಲ್ಲೂ ತೇವ ಇದೆ. ಕಳಚಿದ ಮೋಲ್ಡನ್ನು ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಬಹುದು, ಸ್ಪಿರಿಟ್ ಮುಟ್ಟಿಸಬೇಡಿ. ರಾತ್ರಿ ಮಷೀನನ್ನು ಸಿಲಿಕಾ ಜೆಲ್ ಡಬ್ಬಿಗೆ ಹಾಕಿ, ಬ್ಯಾಟರಿ ಹೊರಗಿರಲಿ: ಅತಿ ಒಣಗಾಳಿಗೆ ಅದರ ಒಳಗೂ ಒಣಗುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಮೈಕಿನ ತೂತು ಒರೆಸಿ.

ಈ ಬ್ಯಾಟರಿ ಗಾಳಿ ಹೊಕ್ಕರೆ ಕೆಲಸ ಶುರುಮಾಡುವಂಥದ್ದು, ಅದರ ಕಿತ್ತಳೆ ಸ್ಟಿಕ್ಕರ್ ಕಿತ್ತೊಡನೆ ತುರುಕದೆ ಎರಡು ಮೂರು ನಿಮಿಷ ಗಾಳಿಗೆ ಬಿಡಿ. ಒಮ್ಮೆ ಕಿತ್ತ ಮೇಲೆ ವಾಪಸ್ ಅಂಟಿಸಿ ಉಳಿಸುತ್ತೇನೆಂಬುದು ಬರೀ ಆಸೆ. ದಿನಕ್ಕೆ ಹನ್ನೆರಡು ಗಂಟೆ ಬಳಸಿದರೆ ಹತ್ತು ಹನ್ನೆರಡು ದಿನ ಬರುತ್ತದೆ.

ದೇವರಾಜ ಮಾರುಕಟ್ಟೆಯಂಥ ಗದ್ದಲದಲ್ಲಿ ಪವಾಡ ನಿರೀಕ್ಷಿಸಬೇಡಿ. ಮುಂದಿನ ಮಾತನ್ನು ಹೆಚ್ಚು ಹಿಡಿಯುವ ಪ್ರೋಗ್ರಾಮಿಗೆ ಬದಲಿಸಿ, ಜನಜಂಗುಳಿಗೆ ಬೆನ್ನು ಹಾಕಿ, ಅಂಗಡಿಯವರತ್ತ ಮುಖಮಾಡಿ ಒಂದು ಮಾರು ದೂರದಲ್ಲಿ ನಿಂತರೆ ಚೌಕಾಸಿಗೆ ಸಾಕು. ಹೆಲ್ಮೆಟ್ ಒಳಗೆ ಮಾತ್ರ ಇನ್ನೂ ಕೂಗುತ್ತದೆ. ಅದಕ್ಕೆ ಪರಿಹಾರ ಸಿಕ್ಕಿಲ್ಲ.