ಲಿನಕ್ಸ್ ಬ್ಲಾಕ್ ಲೇಯರ್ ವಿವರಣೆ: ಕೋಡ್‌ನೊಳಗಿನ ಕಾಮೆಂಟೋ, ಬೇರೆ ಫೈಲೋ?

ಡಿಸ್ಕ್‌ಗೆ ಹೋಗುವ ಓದು-ಬರಹದ ಕೋರಿಕೆಗಳನ್ನು ನಿಭಾಯಿಸುವ ಕರ್ನೆಲ್ ಭಾಗವೇ ಬ್ಲಾಕ್ ಲೇಯರ್. ಅದರ ವಿವರಣೆ ಬರೆಯಲು ಎರಡು ಜಾಗಗಳಿವೆ: ಕೋಡ್‌ನಲ್ಲಿ ಫಂಕ್ಷನ್‌ಗೆ ಸ್ವಲ್ಪ ಮೇಲೆಯೇ ನಿಗದಿತ ಮಾದರಿಯಲ್ಲಿ ಬರೆಯುವ ಕರ್ನೆಲ್-ಡಾಕ್ ಕಾಮೆಂಟ್, ಇಲ್ಲವೇ ಡಾಕ್ಯುಮೆಂಟೇಶನ್ ಡೈರೆಕ್ಟರಿಯ ಆರ್‌ಎಸ್‌ಟಿ (ಸರಳ ಪಠ್ಯ ಮಾದರಿಯ) ಫೈಲ್.

ಒಂದೇ ಫಂಕ್ಷನ್‌ನ ಕರಾರಾದರೆ (ಅದನ್ನು ಹೇಗೆ ಕರೆಯಬೇಕು, ಅದು ಏನು ಮಾಡುತ್ತದೆ ಎಂಬುದಾದರೆ) ಕಾಮೆಂಟೇ ಸರಿ. ಕೋಡ್ ಬದಲಿಸುವವರ ಕಣ್ಣಿಗೆ ಅದೂ ಬೀಳುತ್ತದೆ; ಪ್ಯಾರಾಮೀಟರ್ ಹೆಸರು ತಪ್ಪಿದ್ದರೆ 'ಡಬ್ಲ್ಯೂ=1' (ಹೆಚ್ಚುವರಿ ಎಚ್ಚರಿಕೆಗಳನ್ನು ತೋರಿಸುವ ಆಯ್ಕೆ) ಕೊಟ್ಟು ಮಾಡುವ ಬಿಲ್ಡ್ ಎಚ್ಚರಿಸುತ್ತದೆ. ಅರ್ಥ ತಪ್ಪಿದ್ದರೆ ಮಾತ್ರ ಯಾವ ಟೂಲೂ ಹಿಡಿಯದು, ರಿವ್ಯೂ ಮಾಡುವವರೇ ಹಿಡಿಯಬೇಕು. ಕಾಮೆಂಟ್ ಬರೆಯುವಾಗ ಮೊದಲು ಅಳತೆಯ ಘಟಕ ನೋಡಿ: ಡಿಸ್ಕ್‌ನ ಲಾಜಿಕಲ್ ಬ್ಲಾಕ್ 4096 ಬೈಟ್ ಇದ್ದರೂ, ಡಿಸ್ಕ್‌ನ ಜಾಗವನ್ನು ಹೇಳುವ 'ಸೆಕ್ಟರ್_ಟಿ' ಎಣಿಸುವುದು 512 ಬೈಟ್ ಲೆಕ್ಕದಲ್ಲೇ. ಬರೀ "ಬ್ಲಾಕ್ ಸಂಖ್ಯೆ" ಎಂದು ಬರೆದರೆ ಓದುವವರ ಲೆಕ್ಕ ಎಂಟು ಪಟ್ಟು ತಪ್ಪಬಹುದು. ಆಮೇಲೆ ಕಾಂಟೆಕ್ಸ್ಟ್ ಸಾಲು, ಅಂದರೆ ಫಂಕ್ಷನ್ ಅನ್ನು ಯಾವ ಸಂದರ್ಭದಲ್ಲಿ ಕರೆಯಬಹುದು ಎಂದು ಹೇಳುವ ಸಾಲು. 'ಬಯೋ_ಅಲಾಕ್'ನಿಂದ ಪಡೆದ ಬಯೋವನ್ನು (ಒಂದು ಓದು-ಬರಹದ ಕೋರಿಕೆಯನ್ನು ಹೊತ್ತ ರಚನೆ) ಸಬ್ಮಿಟ್ ಮಾಡದೆ ಅದೇ ಪೂಲ್‌ನಿಂದ (ಮೊದಲೇ ಕಾದಿರಿಸಿದ ಸಂಗ್ರಹ) ಇನ್ನೊಂದನ್ನು ಕೇಳಿದರೆ ಡೆಡ್‌ಲಾಕ್, ಅಂದರೆ ಮುಗಿಯದ ಕಾಯುವಿಕೆ, ಆಗಬಹುದು. ಇದನ್ನು ಹೇಳದ ಕಾಮೆಂಟ್ ಅಪಾಯಕಾರಿ. 'ಸಬ್ಮಿಟ್_ಬಯೋ' ಏನನ್ನೂ ರಿಟರ್ನ್ ಮಾಡುವುದಿಲ್ಲ. ದೋಷವಾದರೆ ಗೊತ್ತಾಗುವುದು ಕೆಲಸ ಮುಗಿದ ಮೇಲೆ 'ಬಿಐ_ಎಂಡ್_ಐಒ' ಕರೆಬಂದಾಗ, 'ಬಿಐ_ಸ್ಟೇಟಸ್' ನೋಡಿ. ಇದೂ ಅಲ್ಲೇ ಇರಬೇಕು.

ಬಿಎಲ್‌ಕೆ-ಎಂಕ್ಯೂನಲ್ಲಿ (ಬ್ಲಾಕ್ ಲೇಯರ್‌ನ ಬಹು-ಕ್ಯೂ ವ್ಯವಸ್ಥೆ) ರಿಕ್ವೆಸ್ಟ್ ಸಾಫ್ಟ್‌ವೇರ್ ಕ್ಯೂನಿಂದ ಹಾರ್ಡ್‌ವೇರ್ ಕ್ಯೂಗೆ ಸಾಗುವ ದಾರಿ, ಅದಕ್ಕೆ ಟ್ಯಾಗ್ (ಗುರುತಿನ ಸಂಖ್ಯೆ) ಸಿಗುವ ಬಗೆ ಇಂಥವು ಹಲವು ಫಂಕ್ಷನ್‌ಗಳಿಗೆ ಹರಡಿದ ವಿಷಯ. ಇದಕ್ಕೆ ಆರ್‌ಎಸ್‌ಟಿ ಫೈಲೇ ಬೇಕು. ಆದರೆ ಅದು ಸದ್ದಿಲ್ಲದೆ ಹಳತಾಗುತ್ತದೆ: 2022ರ ಕರ್ನೆಲ್ ಆವೃತ್ತಿ 5.18ರಲ್ಲಿ 'ಬಯೋ_ಅಲಾಕ್' ಆರ್ಗ್ಯುಮೆಂಟ್‌ಗಳು ಎರಡರಿಂದ ನಾಲ್ಕಾದವು. ಹಳೆಯ ಉದಾಹರಣೆ ಉಳಿದುಬಿಟ್ಟರೂ ಬಿಲ್ಡ್ ಮುರಿಯುವುದಿಲ್ಲ. ಆದ್ದರಿಂದ ಫಂಕ್ಷನ್‌ನ ಸಿಗ್ನೇಚರ್ (ಆರ್ಗ್ಯುಮೆಂಟ್‌ಗಳ ಪಟ್ಟಿ) ಬದಲಿಸುವ ಪ್ಯಾಚ್ ಬಂದಾಗಲೆಲ್ಲ ಆ ಫಂಕ್ಷನ್ ಹೆಸರನ್ನು ಡಾಕ್ಯುಮೆಂಟೇಶನ್ ತುಂಬ ಗ್ರೆಪ್ ಮಾಡಿ (ಹುಡುಕಿ).