ಬೇಸಿಗೆಗೆ ಓಆರ್‌ಎಸ್: ಪೊಟ್ಟಣದ ಪುಡಿ ಮೇಲೋ, ಡಬ್ಬಿಯ ಪೇಯ ಮೇಲೋ?

ಮಾರ್ಚ್ ಕಳೆಯುತ್ತಿದ್ದಂತೆ ರಾಯಚೂರು, ಕಲಬುರಗಿ ಕಡೆಯ ಔಷಧಿ ಅಂಗಡಿಗಳಲ್ಲಿ ಓಆರ್‌ಎಸ್ (ಭೇದಿಯಲ್ಲಿ ದೇಹ ಕಳೆದುಕೊಂಡ ನೀರು, ಲವಣಗಳನ್ನು ತುಂಬಲು ನೀರಲ್ಲಿ ಕದಡಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ) ಒಳಗಿನ ಕಪಾಟಿನಿಂದ ಹೊರಬಂದು ಗಲ್ಲಾದ ಪಕ್ಕದಲ್ಲೇ ಕೂರುತ್ತದೆ. ಅಲ್ಲಿ ಸಿಗುವ ಒಂದು ಲೀಟರಿನ ಪುಡಿ ಪೊಟ್ಟಣ, ಆಶಾ ಕಾರ್ಯಕರ್ತೆಯರು ಮನೆಗೆ ತಂದುಕೊಡುವ ಉಚಿತ ಪೊಟ್ಟಣ ಮತ್ತು ಕುಡಿಯಲು ಸಿದ್ಧವಾಗಿ ಬರುವ ಬಣ್ಣದ ಡಬ್ಬಿಯ ಪೇಯ, ಈ ಮೂರನ್ನು ಐದು ವರ್ಷದೊಳಗಿನ ಮಕ್ಕಳಿರುವ ಮನೆಯ ದೃಷ್ಟಿಯಿಂದ ಇಲ್ಲಿ ತೂಗಿ ನೋಡಿದ್ದೇನೆ. ಇವುಗಳಲ್ಲಿ ಮೊದಲೆರಡನ್ನು ಧಾರಾಳವಾಗಿ ಕೊಳ್ಳಬಹುದು ಅಥವಾ ಪಡೆಯಬಹುದು. ಮೂರನೆಯದನ್ನು ಭೇದಿಯಾದ ಮಗುವಿಗೆ ಕೊಡಲೇಬಾರದು.

ಪೊಟ್ಟಣದ ಯೋಗ್ಯತೆಯನ್ನು ಅಳೆಯಬೇಕಾದದ್ದು ಹಿಂಬದಿಯ ಸಣ್ಣ ಅಕ್ಷರಗಳಿಂದ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 2.6 ಗ್ರಾಂ ಸೋಡಿಯಂ ಕ್ಲೋರೈಡ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಮತ್ತು 13.5 ಗ್ರಾಂ ಗ್ಲೂಕೋಸ್ ಇರಬೇಕು. ಈ ಅಂಕಿಗಳು ಹೊಂದಿದರೆ ಯಾವ ಕಂಪನಿಯದಾದರೂ ಒಂದೇ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿಯೇ ಒಳಸೇರುತ್ತವೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಭೇದಿ ನಡೆಯುತ್ತಿರುವಾಗಲೂ ಈ ದಾರಿ ಕೆಟ್ಟಿರುವುದಿಲ್ಲ ಎಂಬುದೇ ಇಡೀ ಚಿಕಿತ್ಸೆಯ ಆಧಾರ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸಕ್ಕರೆ ಅಂಶದ ದ್ರಾವಣವನ್ನು ಬಾಯಿಯ ಮೂಲಕವೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಅಂಥ ಹಿನ್ನೆಲೆಯ ವಸ್ತು ಇಂದಿಗೂ ಇಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿರುವುದು ಸಣ್ಣ ಮಾತಲ್ಲ.

ಸಿದ್ಧ ಪೇಯಗಳ ಕಥೆ ಬೇರೆ. ಹಣ್ಣಿನ ಚಿತ್ರ, ನೆಟ್ಟಗೆ ಕುಡಿಯುವ ಸ್ಟ್ರಾ ಮತ್ತು ಹೆಸರಿನ ಜೊತೆಗೆ ಅಂಟಿಕೊಂಡಿದ್ದ ‘ಓಆರ್‌ಎಸ್’ ಎಂಬ ಮೂರು ಅಕ್ಷರಗಳಿಂದಾಗಿ ತಂದೆತಾಯಿಯರು ವರ್ಷಗಳ ಕಾಲ ಅವನ್ನು ಔಷಧವೆಂದೇ ನಂಬಿ ಕೊಂಡರು. ಅವುಗಳಲ್ಲಿ ಸಕ್ಕರೆ ಸೂತ್ರಕ್ಕಿಂತ ಹಲವು ಪಟ್ಟು ಹೆಚ್ಚು, ಉಪ್ಪಿನಂಶ ಕಡಿಮೆ. ಹೆಚ್ಚಾದ ಸಕ್ಕರೆ ದೇಹದ ನೀರನ್ನೇ ಕರುಳಿನೊಳಗೆ ಎಳೆದುಕೊಳ್ಳುವುದರಿಂದ ಭೇದಿ ನಿಲ್ಲುವ ಬದಲು ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜಿನಿ ಸಂತೋಷ್ ಅವರು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು; ಕೊನೆಗೆ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಇಂಥ ಪೇಯಗಳ ಹೆಸರಿನಲ್ಲಿ ಓಆರ್‌ಎಸ್ ಎಂದು ಬಳಸುವುದನ್ನು ನಿಷೇಧಿಸಿತು. ಹೆಸರು ಬದಲಾದರೂ ಒಳಗಿನ ಪೇಯ ಅದೇ ಆಗಿರಬಹುದಾದ್ದರಿಂದ, ಡಬ್ಬಿಯ ಮೇಲಿನ ಸಕ್ಕರೆಯ ಪ್ರಮಾಣವನ್ನು ಓದದೆ ಮಗುವಿನ ಕೈಗೆ ಕೊಡುವುದು ಈಗಲೂ ಸರಿಯಲ್ಲ.

ಆಶಾ ಕಾರ್ಯಕರ್ತೆಯರ ಪೊಟ್ಟಣದ ಬಗ್ಗೆ ನಮ್ಮ ಪೇಟೆಯ ಜನರಲ್ಲಿ ಒಂದು ತಾತ್ಸಾರವಿದೆ. ಅದಕ್ಕೆ ಕಿತ್ತಳೆಯ ಸುವಾಸನೆ ಇಲ್ಲ, ಹೊಳೆಯುವ ಹೊದಿಕೆ ಇಲ್ಲ. ಆದರೆ ಸೂತ್ರದಲ್ಲಿ ಅಂಗಡಿಯದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ, ಮೇಲಾಗಿ ಭೇದಿಯಾದ ಮಗುವಿಗೆ 14 ದಿನ ಕೊಡಬೇಕಾದ ಜಿಂಕ್ ಮಾತ್ರೆಯೂ ಅದರ ಜೊತೆ ಬರುತ್ತದೆ. ಅಂಗಡಿಯವರು ಈ ಮಾತ್ರೆಯನ್ನು ತಾವಾಗಿ ನೆನಪಿಸುವುದು ಅಪರೂಪ. ರುಚಿಯ ದೂರನ್ನೂ ನಾನು ದೊಡ್ಡದು ಮಾಡುವುದಿಲ್ಲ: ನೀರು ಕಳೆದುಕೊಂಡ ಮಗು ಸಪ್ಪೆ ಉಪ್ಪಿನ ಈ ನೀರನ್ನು ಆಸೆಯಿಂದಲೇ ಕುಡಿಯುತ್ತದೆ, ಮುಖ ಸಿಂಡರಿಸುವುದು ಹೆಚ್ಚಾಗಿ ಆರೋಗ್ಯವಾಗಿರುವ ಮಗು.

ಆದರೂ ಪುಡಿ ಪೊಟ್ಟಣದಲ್ಲಿ ಎರಡು ಗಂಭೀರ ಕೊರತೆಗಳಿವೆ. ನಾನು ನೋಡಿದ ಬಹುತೇಕ ಪೊಟ್ಟಣಗಳಲ್ಲಿ ಬಳಕೆಯ ಸೂಚನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ, ಅದೂ ಭೂತಗನ್ನಡಿ ಬೇಕೆನಿಸುವಷ್ಟು ಸಣ್ಣದಾಗಿ. ಇನ್ನೊಂದು ಅದಕ್ಕಿಂತ ಅಪಾಯಕಾರಿ: ಒಂದು ಲೀಟರ್ ನೀರು ಎರಡು ವರ್ಷದ ಮಗುವಿಗೆ ಬಹಳವೆನಿಸಿ, ತಾಯಂದಿರು ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಒಂದು ಲೋಟಕ್ಕೆ ಸುರಿಯುತ್ತಾರೆ. ಹೀಗೆ ಗಟ್ಟಿಯಾದ ದ್ರಾವಣದಿಂದ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಕೂಡ ಬರಬಹುದು. 200 ಮಿಲಿಲೀಟರಿಗೆ ಹೊಂದುವ ಸಣ್ಣ ಪೊಟ್ಟಣಗಳು ಮಾರುಕಟ್ಟೆಯಲ್ಲಿ ಇವೆಯಾದರೂ ಹಳ್ಳಿಯ ಅಂಗಡಿಯವರೆಗೆ ಅವು ತಲುಪುವುದು ಕಡಿಮೆ. ಸರ್ಕಾರ ಮನೆಮನೆಗೆ ಹಂಚುವುದು ಈ ಅಳತೆಯದ್ದಾಗಿದ್ದರೆ ಮತ್ತು ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ದಪ್ಪಕ್ಷರ ಇದ್ದಿದ್ದರೆ ಈ ಸೇವೆಗೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ.

ಓಆರ್‌ಎಸ್ ಬೇಸಿಗೆಯ ಶರಬತ್ತೂ ಅಲ್ಲ. ಆಡಿ ಬೆವರಿದ ಮಗುವಿನ ದಿನದ ಬಾಯಾರಿಕೆಗೆ ನೀರು, ನೀರುಮಜ್ಜಿಗೆ, ರಾಗಿ ಅಂಬಲಿ, ಎಳನೀರು ಸಾಕು. ಆರು ತಿಂಗಳೊಳಗಿನ ಕೂಸಿಗೆ ಎಂಥ ಬಿಸಿಲಲ್ಲೂ ಎದೆಹಾಲಿನ ಹೊರತು ನೀರು ಕೂಡ ಬೇಕಿಲ್ಲ. ಭೇದಿ ಶುರುವಾದರೆ ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲದ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ದ್ರಾವಣವನ್ನು ಚಮಚದಲ್ಲೋ ಲೋಟದಲ್ಲೋ ಗುಟುಕು ಗುಟುಕಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಆರಂಭಿಸಬೇಕು. ಎದೆಹಾಲು, ಗಂಜಿ, ಮೊಸರನ್ನ, ಬಾಳೆಹಣ್ಣು ಯಾವುದನ್ನೂ ನಿಲ್ಲಿಸಬಾರದು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾಗದಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಪೊಟ್ಟಣವನ್ನೇ ನಂಬಿ ಕೂರದೆ ಆಸ್ಪತ್ರೆಗೆ ಹೊರಡಬೇಕು.

ಕೊಳ್ಳುವಾಗ ಪುಡಿ ಗಂಟು ಕಟ್ಟಿದೆಯೇ ಎಂದು ಮುಟ್ಟಿ ನೋಡಿ, ಅವಧಿ ಮುಗಿಯುವ ದಿನಾಂಕ ಓದಿ. ಸಣ್ಣ ಪೊಟ್ಟಣ ಸಿಗದಿದ್ದರೆ ದೊಡ್ಡದನ್ನೇ ತಂದು, ಕುದಿಸಿ ಆರಿಸಿದ ನೀರನ್ನು ಒಂದು ಲೀಟರಿನ ಬಾಟಲಿಯಲ್ಲಿ ಅಳೆದು ಪೂರ್ತಿ ಪುಡಿಯನ್ನು ಒಮ್ಮೆಗೇ ಕದಡಿ ಮುಚ್ಚಿಡಿ, 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದನ್ನು ಮಾಡಿಕೊಳ್ಳಿ.