ಏಳೂಮುಕ್ಕಾಲು ಕೆಜಿಯಿಂದ ಒಂದೂವರೆ ಕೆಜಿವರೆಗೆ: ನಾನು ಹಿಡಿದು ನೋಡಿದ ಗರಗಸಗಳು

ನನಗೀಗ ಅರವತ್ತಮೂರು. ಧಾರವಾಡದಿಂದ ಕಲಘಟಗಿಗೆ ಹೋಗುವ ದಾರಿಯಲ್ಲಿ ನಮ್ಮದು ಎರಡೂವರೆ ಎಕರೆ ಆಪೂಸ್ ಮಾವಿನ ತೋಟ. ತೊಂಬತ್ತು ಗಿಡ ಇವೆ. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನೋದು. ಬದುವಿನ ಮೇಲೆ ಜಾಲಿ, ಬೇವು, ಮೂಲೆಯಲ್ಲಿ ಒಂದು ಹಳೆ ಹುಣಸೆ. ಪ್ರತಿ ವರ್ಷ ಹಣ್ಣು ಇಳಿಸಿದ ಮೇಲೆ ಒಣಗಿದ ಟೊಂಗೆ, ಒಳಗೆ ಒತ್ತಾಗಿ ಬೆಳೆದ ಟೊಂಗೆ ತೆಗೆಯಬೇಕು. ಒಳಗೆ ಬಿಸಿಲು ಬಿದ್ದರೇನೇ ಮುಂದಿನ ವರ್ಷ ಹೂವು ಚೆನ್ನಾಗಿ ಬರುತ್ತದೆ. ಈ ಕೆಲಸವನ್ನು ನಾನು ಆಳಿಗೆ ಬಿಡುವುದಿಲ್ಲ. ಯಾವ ಟೊಂಗೆ ಇರಬೇಕು, ಯಾವುದು ಹೋಗಬೇಕು ಅನ್ನೋದು ಗಿಡ ನೆಟ್ಟವನಿಗೇ ಗೊತ್ತು.

ಎರಡು ವರ್ಷದ ಹಿಂದೆ ಹೀಗೆ ಪೆಟ್ರೋಲಿನ ಚೈನ್ ಗರಗಸ ಹಿಡಿದು ಕೆಲಸ ಮುಗಿಸಿ ಸಂಜೆ ಕಟ್ಟೆ ಮೇಲೆ ಕೂತಿದ್ದೆ. ಚಹಾದ ಕಪ್ಪು ಎತ್ತಿದರೆ ಕೈ ನಡುಗಿ ಅರ್ಧ ಚಹಾ ಬಸಿಗೆ ಬಿತ್ತು. ರಾತ್ರಿ ಬಲಗಡೆ ಮಗ್ಗುಲಾಗಿ ಮಲಗೋಕೆ ಆಗಲಿಲ್ಲ. ಡಾಕ್ಟರು ನೋಡಿ, ಭುಜದ ಒಳಗಿನ ಸ್ನಾಯು ಸ್ವಲ್ಪ ಹರಿದಿದೆ, ತೋಳನ್ನು ಹೆಗಲಿಗಿಂತ ಮೇಲೆತ್ತಿ ಭಾರ ಹಿಡಿಯಬೇಡಿ ಅಂದರು. ಮನೆಯಲ್ಲಿ ಹೆಂಡತಿ ಒಂದೇ ಮಾತು ಹೇಳಿದಳು. "ಮಷೀನ್ ಬಿಡ್ರಿ, ಇಲ್ಲಾ ಹಗೂರಂದು ತಗೋರಿ. ಎರಡರಾಗ ಒಂದು ಮಾಡ್ರಿ."

ಬಿಡೋದು ಆಗದ ಮಾತು. ಹಾಗಾಗಿ ಹಗುರವಾದದ್ದನ್ನು ಹುಡುಕಿದೆ. ಎರಡು ಕೊಂಡೆ, ಎರಡು ಬೇಡಿ ತಂದೆ, ಒಂದು ಬಾಡಿಗೆಗೆ ತಂದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಇನ್ನಷ್ಟು ಮಷೀನು ಎತ್ತಿ ನೋಡಿದೆ. ಎರಡು ಹಂಗಾಮು ಇದರಲ್ಲೇ ಕಳೆಯಿತು.

ಮೊದಲು ತೂಕದ ಮಾತು. ಡಬ್ಬದ ಮೇಲೆ ಬರೆದ ತೂಕ ನೋಡಿ ಕೊಳ್ಳಬೇಡಿ. ಸಾಮಾನ್ಯವಾಗಿ ಅದು ಬಾರ್ (ಮುಂದಕ್ಕೆ ಚಾಚಿದ ಉದ್ದ ಪಟ್ಟಿ) ಇಲ್ಲದೆ, ಅದರ ಸುತ್ತ ಓಡುವ ಹಲ್ಲಿನ ಚೈನ್ ಇಲ್ಲದೆ, ಟ್ಯಾಂಕ್ ಖಾಲಿ ಇದ್ದಾಗಿನ ತೂಕ. ಬ್ಯಾಟರಿ ಮಷೀನಾದರೆ ಎಷ್ಟೋ ಸಲ ಬ್ಯಾಟರಿಯನ್ನೂ ಬಿಟ್ಟು ಬರೆದಿರುತ್ತಾರೆ. ನಾನು ಕಾಳಿನ ಚೀಲ ತೂಗುವ ಕೊಕ್ಕೆ ತಕ್ಕಡಿಗೆ ಒಂದೊಂದನ್ನೂ ನೇತುಹಾಕಿದೆ. ಪೆಟ್ರೋಲ್, ಎಣ್ಣೆ, ಚೈನ್ ಎಲ್ಲ ಸೇರಿಸಿ, ಕೆಲಸಕ್ಕೆ ಹೊರಟಾಗ ಹೇಗಿರುತ್ತದೋ ಹಾಗೆ. ನನ್ನ ಹಳೆಯ 58 ಸಿಸಿ ಮಷೀನು, 22 ಇಂಚು ಬಾರ್, 7.8 ಕೆಜಿ ತೂಗಿತು. ಸಣ್ಣ ಪೆಟ್ರೋಲ್ ಮಷೀನು, ಸ್ಟಿಲ್ ಕಂಪನಿಯ ಎಂಎಸ್ 180, 14 ಇಂಚು ಬಾರ್ ಹಾಕಿದ್ದು, 5.2. ವೈರಿನ ಕರೆಂಟ್ ಗರಗಸ, 16 ಇಂಚು, ವೈರ್ ಬಿಟ್ಟು 5. ತಮ್ಮನ ಮಗ ಕೊಟ್ಟ 36 ವೋಲ್ಟ್ ಬ್ಯಾಟರಿ ಗರಗಸ, 12 ಇಂಚು, 4.4. ಒಂದು ಕೈಯಲ್ಲಿ ಹಿಡಿಯೋ ಹಾಗೆ ಕಾಣುವ 6 ಇಂಚಿನ ಬ್ಯಾಟರಿ ಗರಗಸ ಒಂದೂವರೆ ಕೆಜಿ.

ಇಷ್ಟು ನೋಡಿದರೆ ಲೆಕ್ಕ ಸುಲಭ ಅನ್ನಿಸುತ್ತದೆ ಅಲ್ವಾ? ಹಾಗಿಲ್ಲ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಬಾವಿಯಿಂದ ಮನೆತನಕ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಎರಡು ನಿಮಿಷ ಆಗೋದಿಲ್ಲ. ಗರಗಸವೂ ಹಾಗೇ. ಭಾರ ಮೈಗೆ ಎಷ್ಟು ದೂರ ಇದೆ ಅನ್ನೋದನ್ನು ಭುಜ ಕೇಳುತ್ತದೆ. ನನ್ನ ಹಳೇ ಮಷೀನಿನಲ್ಲಿ 22 ಇಂಚಿನ ಬಾರ್ ಮುಂದಕ್ಕೆ ಜಗ್ಗುತ್ತಿತ್ತು. ಮುಂದಿನ ಹಿಡಿಯಲ್ಲಿ ಒಂದೇ ಕೈಯಿಂದ ಎತ್ತಿದರೆ ಮೂತಿ ನೆಲಕ್ಕೆ ಬಗ್ಗುತ್ತಿತ್ತು. ಬ್ಯಾಟರಿ ಮಷೀನಿನಲ್ಲಿ ಬ್ಯಾಟರಿ ಹಿಂದಕ್ಕೆ ಇರುವುದರಿಂದ, ಎತ್ತಿದರೆ ಮಟ್ಟಸವಾಗಿ ನಿಲ್ಲುತ್ತದೆ. ಅಂಗಡಿಯಲ್ಲಿ ಮಾಡಿ ನೋಡಬೇಕಾದ ಮೊದಲ ಪರೀಕ್ಷೆ ಇದು. ಮುಂದಿನ ಹಿಡಿಯಿಂದ ಎತ್ತಿ, ಮೂತಿ ಎತ್ತ ಹೋಗುತ್ತದೆ ನೋಡಿ.

ಮಾವಿನ ಟೊಂಗೆ ಕೊಯ್ಯಲು 22 ಇಂಚು ಯಾಕೆ ಬೇಕಿತ್ತು? ಬೇಕಿರಲಿಲ್ಲ. ನಾನು ತೆಗೆಯುವ ಟೊಂಗೆಗಳಲ್ಲಿ ಹೆಚ್ಚಿನವು ನನ್ನ ಮಣಿಕಟ್ಟಿನಿಂದ ತೊಡೆಯಷ್ಟು ದಪ್ಪ. 12 ಇಂಚು, 14 ಇಂಚು ಬಾರ್ ಸಾಕು. ದೊಡ್ಡದು ಕೊಂಡರೆ ಎಲ್ಲದಕ್ಕೂ ಆಗುತ್ತದೆ ಅಂತ ತಂದಿದ್ದು. ಹತ್ತು ವರ್ಷ ಸುಮ್ನೆ ಆ ಭಾರ ಹೊತ್ತೆ.

ಎರಡನೆಯ ವಿಷಯ ಹಗ್ಗ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನನ್ನ ಭುಜ ಕೆಟ್ಟಿದ್ದು ಕೊಯ್ಯುವುದರಿಂದ ಅಷ್ಟಲ್ಲ, ಹಗ್ಗ ಎಳೆಯುವುದರಿಂದ ಅಂತ ನನಗೆ ಖಾತ್ರಿಯಾಗಿದೆ. ಪೆಟ್ರೋಲ್ ಮಷೀನಿನಲ್ಲಿ ಎಡಗೈ ಮುಂದಿನ ಹಿಡಿ ಹಿಡಿಯುತ್ತದೆ, ಬಲಗೈ ಹಗ್ಗ ಎಳೆಯುತ್ತದೆ. ನಾನು ನಿಂತಲ್ಲೇ ಮಷೀನನ್ನು ಕೆಳಕ್ಕೆ ಒಗೆದ ಹಾಗೆ ಮಾಡಿ, ಬಲಗೈಯಿಂದ ಮೇಲಕ್ಕೆ ಝಾಡಿಸುತ್ತಿದ್ದೆ. ನೋಡಿದವರಿಂದ ಕಲಿತದ್ದು. ತಪ್ಪು ಪದ್ಧತಿ ಅದು, ಅಪಾಯವೂ ಹೌದು. ನೆಲದ ಮೇಲೆ ಇಟ್ಟು, ಚೈನ್ ಓಡದಂತೆ ತಡೆಯುವ ಚೈನ್ ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ಬೂಟಿನ ತುದಿ ತೂರಿಸಿ, ಎಡಗೈಯಿಂದ ಒತ್ತಿ ಹಿಡಿದು, ಹಗ್ಗವನ್ನು ಮೊದಲು ಮೆಲ್ಲಗೆ ಎಳೆದು ಬಿಗಿ ಸಿಕ್ಕಮೇಲೆ ಜೋರಾಗಿ ಎಳೆಯಬೇಕು. ಹೀಗೆ ಮಾಡಿದರೆ ಭುಜಕ್ಕೆ ಜಗ್ಗುವ ಏಟು ಎಷ್ಟೋ ಕಡಿಮೆ.

ಆದರೆ ಮೊದಲ ಎಳೆತಕ್ಕೇ ಶುರುವಾದರೆ ತಾನೆ? ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಳೇ ಮಷೀನಿನ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಎರಡು ತಿಂಗಳ ನಂತರ ತೆಗೆದಾಗ ಇಪ್ಪತ್ತು ಸಲ ಎಳೆದರೂ ಉಸಿರಿಲ್ಲ. ಕಾರ್ಬೊರೇಟರ್ ಬಿಚ್ಚಿದರೆ ಒಳಗೆ ಅಂಟು. ಆ ದಿನ ಒಂದು ಟೊಂಗೆಯನ್ನೂ ಕೊಯ್ಯದೆ ಭುಜ ನೋಯಿಸಿಕೊಂಡೆ. ಈಗ ಸಣ್ಣ ಮಷೀನಿಗೆ ಬೇಕಾದಷ್ಟೇ ಪೆಟ್ರೋಲಿಗೆ ಎಣ್ಣೆ ಕಲಸುತ್ತೇನೆ. ಕಂಪನಿಯ ಎರಡು ಸ್ಟ್ರೋಕ್ ಎಣ್ಣೆ ಲೀಟರಿಗೆ 20 ಮಿಲಿ. ಕೆಲಸ ಮುಗಿದಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವವರೆಗೆ ಓಡಿಸಿ ಎತ್ತಿಡುತ್ತೇನೆ. ಮೂರು ನಾಲ್ಕು ಎಳೆತಕ್ಕೆ ಶುರುವಾಗುತ್ತಿದೆ.

ಬ್ಯಾಟರಿ ಗರಗಸದಲ್ಲಿ ಹಗ್ಗವೇ ಇಲ್ಲ. ಗುಂಡಿ ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಟೊಂಗೆ ತೆಗೆಯುವ ಕೆಲಸದಲ್ಲಿ ಅರ್ಧ ಹೊತ್ತು ಕೊಯ್ಯೋದು, ಅರ್ಧ ಹೊತ್ತು ನಿಂತು ನೋಡೋದು. ಪೆಟ್ರೋಲ್ ಮಷೀನಾದರೆ ಮತ್ತೆ ಹಗ್ಗ ಎಳೆಯುವ ಬೇಸರಕ್ಕೆ ಆರಿಸದೆ ಹಾಗೇ ಗುರುಗುಡಿಸುತ್ತಾ ಕೈಯಲ್ಲೇ ಹಿಡಿದು ನಿಲ್ಲುತ್ತೇವೆ. ಕೈಗೆ ಭಾರ, ಕಿವಿಗೆ ಸದ್ದು. ಪೆಟ್ರೋಲ್ ಗರಗಸದ ಸದ್ದು ಕಿವಿಯ ಹತ್ತಿರ 100 ಡೆಸಿಬೆಲ್ ದಾಟುತ್ತದೆ, ಕಿವಿಮುಚ್ಚುಗ ಇಲ್ಲದೆ ಹಿಡಿಯಲೇಬಾರದು. 36 ವೋಲ್ಟಿನ ಬ್ಯಾಟರಿ ಗರಗಸ ಹಿಡಿದ ಮೊದಲ ದಿನ ಗಿಡದ ಮೇಲಿದ್ದ ಗಿಳಿಗಳ ಸದ್ದು ನನಗೆ ಕೇಳುತ್ತಿತ್ತು. ಟೊಂಗೆ ಬಿರಿಯುವ ಮುನ್ನ ಚಟ್ ಅನ್ನುವ ಸದ್ದು ಕೂಡ. ಆ ಸದ್ದು ಕೇಳಿಸಿದರೆ ಕಾಲು ಹಿಂದಿಡೋಕೆ ಹೊತ್ತು ಸಿಗುತ್ತದೆ.

ನಡುಕದ ವಿಷಯದಲ್ಲೂ ಬ್ಯಾಟರಿಯೇ ಮೇಲು. 58 ಸಿಸಿ ಮಷೀನು ಒಂದು ತಾಸು ಹಿಡಿದರೆ ಬೆರಳುಗಳಲ್ಲಿ ಇರುವೆ ಹರಿದಂತೆ ಜುಮುಜುಮು. ಡಿಸೆಂಬರಿನ ಚಳಿಯಲ್ಲಿ ಬೆರಳ ತುದಿ ಬೆಳ್ಳಗಾಗುತ್ತಿತ್ತು. ವರ್ಷಗಟ್ಟಲೆ ನಡುಕ ಕೈಗೆ ಬಡಿದರೆ ಬೆರಳಿನ ರಕ್ತನಾಳ, ನರ ಎರಡೂ ಕೆಡುತ್ತವೆ, ಒಮ್ಮೆ ಕೆಟ್ಟರೆ ಪೂರ್ತಿ ಸರಿಹೋಗೋದು ಕಷ್ಟ. ಸಣ್ಣ ಪೆಟ್ರೋಲ್ ಮಷೀನಿನಲ್ಲಿ ನಡುಕ ಕಡಿಮೆ, ಆದರೆ ಇದೆ. ಹತ್ತು ನಿಮಿಷ ಕೊಯ್ದು ಐದು ನಿಮಿಷ ಕೈ ಬಿಡುತ್ತೇನೆ. ಬ್ಯಾಟರಿ ಹಿಡಿದ ದಿನ ಚಹಾ ಬಸಿಗೆ ಬೀಳಲಿಲ್ಲ.

ಹಾಗಾದರೆ 36 ವೋಲ್ಟಿನದನ್ನೇ ಕೊಳ್ಳಬೇಕಿತ್ತಲ್ಲ? ಒಂದು ಚಾರ್ಜಿಗೆ ನನಗೆ ಆರು ಗಿಡ ಆಯಿತು. ಆಮೇಲೆ ಚಾರ್ಜ್ ಮಾಡೋಕೆ ಮನೆಗೆ ಬರಬೇಕು. ತೋಟದಲ್ಲಿ ಕರೆಂಟ್ ಇರುವ ಹೊತ್ತು ಪಂಪಿನ ಹೊತ್ತು, ಅದೂ ರಾತ್ರಿಯ ಪಾಳಿ ಆದರೆ ಹಗಲು ಏನೂ ಇಲ್ಲ. ಎರಡನೇ ಬ್ಯಾಟರಿ ಕೊಂಡರೆ ಬೆಲೆ ಎಲ್ಲಿಗೋ ಹೋಗುತ್ತದೆ. ಇನ್ನು ಒಣಗಿದ ಜಾಲಿಗೆ ಹಚ್ಚಿದಾಗ ಅದು ತಿಣುಕಿತು. ಹಸಿ ಮಾವು ಮೆತ್ತಗೆ, ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಒಣ ಜಾಲಿ, ಹುಣಸೆ ಕಲ್ಲಿನ ಹಾಗೆ. ಬರೀ ಮಾವು, ಪೇರಲ, ಚಿಕ್ಕು ಇರುವವರು, ಮನೆ ತೋಟದ ಹತ್ತಿರವೇ ಇರುವವರು ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಬಹುದು. ನನ್ನ ಬದುವಿನ ಮೇಲೆ ಜಾಲಿ ಇದೆ, ಹಾಗಾಗಿ ಸಣ್ಣ ಪೆಟ್ರೋಲ್ ಮಷೀನು ಕೊಂಡೆ. ಹಳೇ ಮಷೀನಿನ ಸುಮಾರು ಮೂರು ಪಟ್ಟು ಹಣ ಕೊಟ್ಟೆ, ಬೇಜಾರಿಲ್ಲ. ಅದರ ಎಂಜಿನ್ 31.8 ಸಿಸಿ, ಹಳೆಯದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೂ ತೊಡೆ ದಪ್ಪದ ಟೊಂಗೆಯಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ವೈರಿನ ಕರೆಂಟ್ ಗರಗಸ ತೋಟಕ್ಕಲ್ಲ, ಹಿತ್ತಲಿಗೆ. ಸೌದೆ ಕೊಯ್ಯೋಕೆ ಬಲು ಚಂದ. 2000 ವಾಟ್ ಅಂದರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಸಣ್ಣ ವೈರಿನ ಉದ್ದನೆ ಎಕ್ಸ್‌ಟೆನ್ಶನ್ ಹಾಕಿದರೆ ವೈರ್ ಬಿಸಿಯಾಗುತ್ತದೆ, ಮೋಟಾರ್ ಸೊರಗುತ್ತದೆ. 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿಸಿ, ಮಳೆಯಲ್ಲಿ ಮುಟ್ಟಬೇಡಿ. ಇದರ ಜೊತೆ ಒಂದು ಮಾತು. ಸೌದೆಯನ್ನು ನೆಲದ ಮೇಲಿಟ್ಟು ಬಗ್ಗಿ ಕೊಯ್ಯಬೇಡಿ. ಎರಡು ಜೋಡಿ ಕಟ್ಟಿಗೆಯನ್ನು ಕತ್ತರಿಯ ಹಾಗೆ ಅಡ್ಡ ಕಟ್ಟಿ, ಸೊಂಟದ ಎತ್ತರಕ್ಕೆ ಒಂದು ಸ್ಟ್ಯಾಂಡ್ ಮಾಡಿಕೊಂಡರೆ ಸೊಂಟ ಉಳಿಯುತ್ತದೆ. ನನ್ನದಕ್ಕೆ ಖರ್ಚು ಬರೀ ಎಂಟು ಮೊಳೆ.

ಉದ್ದ ಕೋಲಿನ ಗರಗಸವನ್ನು ಒಂದು ದಿನ ಬಾಡಿಗೆಗೆ ತಂದೆ. ಏಣಿ ಹತ್ತೋದು ತಪ್ಪುತ್ತದೆ, ಅದು ದೊಡ್ಡ ಲಾಭ. ಆದರೆ ಭಾರವೆಲ್ಲ ಕೋಲಿನ ತುದಿಯಲ್ಲಿ. ಹೆಗಲ ಪಟ್ಟಿ ಇದ್ದರೂ ಕುತ್ತಿಗೆ ಎತ್ತಿ ನೋಡಿ ನೋಡಿ ಮಧ್ಯಾಹ್ನಕ್ಕೆ ತಲೆ ತಿರುಗಿತು. ನನ್ನ ವಯಸ್ಸಿನವರಿಗೆ ಅರ್ಧ ತಾಸಿಗಿಂತ ಹೆಚ್ಚು ಬೇಡ. ಕೊಯ್ಯುವ ಟೊಂಗೆಯ ಕೆಳಗೆ ನಿಲ್ಲೋದಂತೂ ಬೇಡವೇ ಬೇಡ.

ಇನ್ನು 6 ಇಂಚಿನ ಪುಟ್ಟ ಬ್ಯಾಟರಿ ಗರಗಸ. ಈಗ ಎಲ್ಲರ ಕೈಯಲ್ಲೂ ಇದೆ. ಬ್ಯಾಟರಿ ಮೇಲೆ 48 ವೋಲ್ಟ್ ಅಂತ ಬರೆದಿರುವುದನ್ನು ನಂಬಬೇಡಿ. ನನ್ನದನ್ನು ರಿಪೇರಿಯವನು ಬಿಚ್ಚಿ ತೋರಿಸಿದ, ಒಳಗೆ ಐದು ಸೆಲ್ ಒಂದರ ಹಿಂದೆ ಒಂದು. ಒಂದೊಂದಕ್ಕೆ ತುಂಬಿದಾಗ 4.2 ವೋಲ್ಟ್, ಒಟ್ಟು 21. ಆದರೂ ಮಣಿಕಟ್ಟು ದಪ್ಪದ ಟೊಂಗೆಗೆ ಇದಕ್ಕಿಂತ ಸುಖ ಇಲ್ಲ. ಸಣ್ಣ ಟೊಂಗೆಗಳ ಗುಂಪಿನೊಳಗೆ ಸಲೀಸಾಗಿ ಹೋಗುತ್ತದೆ. ಚೈನಿಗೆ ಎಣ್ಣೆ ತಾನಾಗಿ ಬರುವುದಿಲ್ಲ, ಹತ್ತು ನಿಮಿಷಕ್ಕೊಮ್ಮೆ ನಾವೇ ಹನಿ ಹಾಕಬೇಕು. ಅಪಾಯ ಇರುವುದು ಅದರ ಹಗುರದಲ್ಲೇ. ಬಲಗೈಯಲ್ಲಿ ಗರಗಸ, ಎಡಗೈಯಲ್ಲಿ ಟೊಂಗೆ ಹಿಡಿಯೋಣ ಅನ್ನಿಸುತ್ತದೆ. ಗರಗಸ ಒಮ್ಮೆ ಜಾರಿದರೆ ಮುಂದೆ ಇರುವುದು ನಮ್ಮದೇ ಕೈ. ಎರಡೂ ಕೈ ಗರಗಸದ ಮೇಲೇ ಇರಲಿ. ಬಾರ್‌ನ ತುದಿಯ ಮೇಲ್ಭಾಗ ಯಾವುದಕ್ಕೂ ತಾಗದಂತೆ ನೋಡಿಕೊಳ್ಳಿ. ತಾಗಿದರೆ ಗರಗಸ ಮುಖದ ಕಡೆ ಜಿಗಿಯುತ್ತದೆ, ದೊಡ್ಡದಾಗಲಿ ಚಿಕ್ಕದಾಗಲಿ.

ಇಷ್ಟೆಲ್ಲ ತೂಗಿ ನೋಡಿದಮೇಲೆ ಗೊತ್ತಾದ ಇನ್ನೊಂದು ಸಂಗತಿ ಚೈನಿನ ಹರಿತ. ಹರಿತವಾದ 5 ಕೆಜಿಯ ಗರಗಸ ಮೊಂಡಾದ 4 ಕೆಜಿಯದಕ್ಕಿಂತ ಹಗುರ. ಕೊಯ್ದಾಗ ಬೀಳುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿ. ಅವಲಕ್ಕಿಯ ಹಾಗೆ ಚಕ್ಕೆ ಚಕ್ಕೆಯಾಗಿದ್ದರೆ ಚೈನ್ ಸರಿ ಇದೆ. ರವೆಯ ಹಾಗೆ ಸಣ್ಣ ಪುಡಿ ಆದರೆ ಮೊಂಡಾಗಿದೆ, ಅದನ್ನು ನಾವು ಭುಜದಿಂದ ಒತ್ತಿ ಕೊಯ್ಯುತ್ತಿದ್ದೇವೆ. ಸಣ್ಣ ಮಷೀನಿನ ಚೈನಿಗೆ 4 ಮಿಲಿಮೀಟರಿನ ದುಂಡು ಅರ, ದೊಡ್ಡದಕ್ಕೆ 4.8. ಎರಡು ಟ್ಯಾಂಕ್ ಪೆಟ್ರೋಲ್ ಮುಗಿದಾಗ ನೆರಳಲ್ಲಿ ಕೂತು ಒಂದೊಂದು ಹಲ್ಲಿಗೂ ಮೂರು ಸಲ, ಮುಂದಕ್ಕೆ ಮಾತ್ರ, ಅರ ತಳ್ಳುತ್ತೇನೆ. ಆ ಹದಿನೈದು ನಿಮಿಷ ಭುಜಕ್ಕೂ ವಿಶ್ರಾಂತಿ.

ಈಗ ನನ್ನ ಪದ್ಧತಿ ಹೀಗಿದೆ. ಎದೆ ಮಟ್ಟದ ಕೆಳಗಿನ ದಪ್ಪ ಟೊಂಗೆಗೆ ಸಣ್ಣ ಪೆಟ್ರೋಲ್ ಮಷೀನು. ಮೊದಲು ಕೆಳಗಿನಿಂದ ಮೂರನೇ ಒಂದು ಪಾಲು, ಆಮೇಲೆ ಮೇಲಿನಿಂದ, ಆಗ ತೊಗಟೆ ಸೀಳಿಕೊಂಡು ಹೋಗೋದಿಲ್ಲ. ಕೆಳಗಿನಿಂದ ಕೊಯ್ಯುವಾಗ ಮಷೀನಿನ ಭಾರವೆಲ್ಲ ಕೈ ಮೇಲೇ ಬರುತ್ತದೆ, ಹಗುರವಾದದ್ದರ ಬೆಲೆ ಗೊತ್ತಾಗೋದು ಅಲ್ಲೇ. ಸಣ್ಣವಕ್ಕೆ ಪುಟ್ಟ ಬ್ಯಾಟರಿ ಗರಗಸ. ಬೆರಳು ದಪ್ಪದವಕ್ಕೆ ಮಡಚುವ ಕೈಗರಗಸ, ಅದನ್ನು ಎಳೆಯುವಾಗ ಕೊಯ್ಯುವಂಥದ್ದೇ ತೆಗೆದುಕೊಳ್ಳಿ. ಹೆಗಲ ಮೇಲಿನದನ್ನು ನಾನು ಮುಟ್ಟುವುದಿಲ್ಲ, ತಮ್ಮನ ಮಗ ಬರುತ್ತಾನೆ.

58 ಸಿಸಿ ಮಷೀನನ್ನೂ ಅವನಿಗೇ ಕೊಟ್ಟೆ. ಈ ಸಲ ಹುಣಸೆಯ ಒಣಗಿದ ದೊಡ್ಡ ಟೊಂಗೆಯನ್ನು ಅದರಲ್ಲೇ ಇಳಿಸಿದ. ನಾನು ದೂರ ನಿಂತು ಎಲ್ಲಿ ಕೊಯ್ಯಬೇಕು ಅಂತ ಕೋಲಿನಿಂದ ತೋರಿಸಿದೆ. "ದೊಡ್ಡಪ್ಪಾ, ಇದನ್ನ ಹತ್ತು ವರ್ಷ ಹ್ಯಾಂಗ್ ಹಿಡದ್ರಿ?" ಅಂತ ರಟ್ಟೆ ತಿಕ್ಕಿಕೊಳ್ಳುತ್ತಾ ಕೇಳಿದ. ಅವನಿಗೆ ಮೂವತ್ತೊಂದು. 16 ಇಂಚಿನ ಬಾರ್ ಹಾಕಿಸಿಕೋ ಅಂತ ಅಂದೇ ಹುಬ್ಬಳ್ಳಿಗೆ ಕಳಿಸಿದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಹತ್ತು ಲೀಟರ್ ನೀರಿಗೆ ಕಲಸಿಟ್ಟಿದ್ದ, ಗಿಡದ ಗಾಯ ಕೊಳೆಯದಂತೆ ಹಚ್ಚುವ ಬೋರ್ಡೋ ಮುಲಾಮನ್ನು ಕೊಯ್ದ ಜಾಗಗಳಿಗೆಲ್ಲ ಕುಂಚದಿಂದ ನಾನೇ ಹಚ್ಚಿದೆ, ಎಡಗೈಯಲ್ಲಿ.